ಅಪ್‌ಡೇಟ್ ಆಯ್ತು, ವೈಫೈ ಹೋಯ್ತು

2023ರ ಮೇ ಮಧ್ಯಭಾಗದಲ್ಲಿ ಆಸುಸ್ ಕಂಪನಿಯ ರೂಟರ್‌ಗಳು ಹಲವು ದೇಶಗಳಲ್ಲಿ ಒಂದೇ ಹೊತ್ತಿಗೆ ಕೈಕೊಟ್ಟವು. ಕೆಲವರ ಮನೆಯಲ್ಲಿ ಇಂಟರ್‌ನೆಟ್ ಗಳಿಗೆಗೊಮ್ಮೆ ಬಂದು ಹೋಗುತ್ತಿತ್ತು, ಇನ್ನು ಕೆಲವರಲ್ಲಿ ಪೂರ್ತಿ ನಿಂತೇಬಿಟ್ಟಿತ್ತು. ಅವರ್ಯಾರೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ, ಯಾವ ಸೆಟ್ಟಿಂಗನ್ನೂ ಮುಟ್ಟಿರಲಿಲ್ಲ. ಆಮೇಲೆ ಕಂಪನಿ ಕ್ಷಮೆ ಕೇಳಿ ಕಾರಣ ಹೇಳಿತು: ಮಾಮೂಲಿ ಭದ್ರತಾ ನಿರ್ವಹಣೆಯ ವೇಳೆ ತನ್ನ ಸರ್ವರ್‌ನ ಕಡತವೊಂದರಲ್ಲಿ ತಪ್ಪು ನುಸುಳಿತ್ತು. ರೂಟರ್‌ಗಳು ತಾವಾಗಿಯೇ ಆ ಸರ್ವರ್ ಜೊತೆ ಮಾತಾಡಿ, ಕೆಟ್ಟ ಕಡತವನ್ನು ನುಂಗಿ, ಒಳಗಿನ ಜಾಗ ತುಂಬಿ ಉಸಿರುಗಟ್ಟಿದ್ದವು. ಪರಿಹಾರವೇನು? ಕಂಪನಿಯೇ ಹೇಳಿದ್ದು, ಒಮ್ಮೆ ಆಫ್ ಮಾಡಿ ಆನ್ ಮಾಡಿ ಅಂತ. ಬಹಳಷ್ಟು ಪೆಟ್ಟಿಗೆಗಳು ಅಷ್ಟಕ್ಕೇ ಎದ್ದು ಕೂತವು.

ಅಂದರೆ ಪೆಟ್ಟಿಗೆ ಕೆಟ್ಟಿರಲಿಲ್ಲ. ಅಪ್‌ಡೇಟ್ ಆದ ಮೇಲೆ ರೂಟರ್ ಮುನಿಸಿಕೊಂಡ ಪ್ರಸಂಗಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಯಂತ್ರ ಸರಿಯಾಗಿಯೇ ಇರುತ್ತದೆ, ತಂತಿಯೂ ಸರಿಯಾಗಿಯೇ ಇರುತ್ತದೆ. ಇವೆರಡರ ನಡುವೆ ಮೊದಲು ಇದ್ದ ಒಪ್ಪಂದದಲ್ಲಿ ಏನೋ ಒಂದು ಸಾಲು ಅಳಿಸಿಹೋಗಿರುತ್ತದೆ ಅಥವಾ ಬದಲಾಗಿರುತ್ತದೆ. ಆ ಸಾಲು ಯಾವುದು ಎಂದು ಹುಡುಕುವ ಬದಲು ನಾವು ಕೇಬಲ್‌ನವರಿಗೆ ಫೋನ್ ಮಾಡಿ ರೇಗುತ್ತೇವೆ, ಇಲ್ಲವೇ ಸೇಫ್ಟಿ ಪಿನ್ ಹುಡುಕಿ ರೂಟರ್‌ನ ಹಿಂದಿನ ಸಣ್ಣ ರೀಸೆಟ್ ತೂತಿಗೆ ಚುಚ್ಚುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎನ್ನುತ್ತಾರಲ್ಲ, ಅದು.

ಫರ್ಮ್‌ವೇರ್ ಎಂದರೆ ರೂಟರ್‌ನ ಒಳಗೆ ಫ್ಲ್ಯಾಶ್ ಚಿಪ್ಪಿನಲ್ಲಿ ಕೂತಿರುವ ತಂತ್ರಾಂಶ. ನಮ್ಮ ಮನೆಯ ಗೋಡೆಗೆ ನೇತುಹಾಕಿರುವ ಪೆಟ್ಟಿಗೆ ನಿಜದಲ್ಲಿ ಒಂದು ಪುಟ್ಟ ಕಂಪ್ಯೂಟರು. ಬಹುಪಾಲು ರೂಟರ್‌ಗಳಲ್ಲಿ ಓಡುವುದು ಲಿನಕ್ಸ್. ಲಿಂಕ್‌ಸಿಸ್ ಕಂಪನಿ ತನ್ನ ನೀಲಿ-ಕಪ್ಪು ರೂಟರ್ ಡಬ್ಲ್ಯುಆರ್‌ಟಿ54ಜಿಯ ಮೂಲ ಸಂಕೇತವನ್ನು 2003ರಲ್ಲಿ ಬಹಿರಂಗಗೊಳಿಸಬೇಕಾಗಿ ಬಂದದ್ದೂ ಈ ಲಿನಕ್ಸ್ ಪರವಾನಗಿಯ ಕಾರಣಕ್ಕೆ. ಅದರ ಬೆನ್ನಿಗೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ಕಂಪನಿಗಳು ಕೈಬಿಟ್ಟ ಎಷ್ಟೋ ಹಳೆಯ ಪೆಟ್ಟಿಗೆಗಳಿಗೆ ಮರುಜೀವ ಕೊಟ್ಟದ್ದು ಅದೇ.

ಇಷ್ಟೆಲ್ಲ ಕಿರಿಕಿರಿಯಾದರೆ ಅಪ್‌ಡೇಟನ್ನೇ ಮಾಡದಿದ್ದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿ ನಡೆಯಿತು. ಸಿಕ್ಕಿಬಿದ್ದದ್ದು ಕಾರ್ಖಾನೆಯಿಂದ ಬಂದಾಗಿನ 'ಅಡ್ಮಿನ್' ಪಾಸ್‌ವರ್ಡನ್ನು ಹಾಗೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಹೊರಡಿಸಬೇಕಾಯಿತು. ಅದಕ್ಕೂ ಮುಂಚೆ 2016ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಇಂಥದ್ದೇ ದಾಳಿಯ ಏಟಿಗೆ ನೆಲಕಚ್ಚಿದ್ದವು. ಅಲ್ಲಿ ಔಷಧಿಯಾಗಿ ಕೊಟ್ಟದ್ದು ಹೊಸ ಫರ್ಮ್‌ವೇರನ್ನೇ. ಹಾಗಾಗಿ ಅಪ್‌ಡೇಟ್ ಬೇಕು. ಅದು ತರುವ ತಲೆನೋವಿಗೆ ಮದ್ದೂ ಗೊತ್ತಿರಬೇಕು, ಅಷ್ಟೆ.

ಮೊದಲ ಕೆಲಸ ದೀಪ ನೋಡುವುದು. ಫೈಬರ್ ಬಂದಿರುವ ಮನೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಒಳಗೆ ಬರುತ್ತಿಲ್ಲ ಎಂದರ್ಥ. ಫರ್ಮ್‌ವೇರನ್ನು ಬೈದು ಪ್ರಯೋಜನವಿಲ್ಲ. ಎಲ್ಲೋ ಮರದ ಕೊಂಬೆ ಬಿದ್ದಿರುತ್ತದೆ, ಇಲ್ಲ ಜೆಸಿಬಿ ನೆಲ ಅಗೆದಿರುತ್ತದೆ. ಎಲ್‌ಒಎಸ್ ಆರಿದ್ದು, ಪಾನ್ ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ. ಲೈನ್ ನೋಡಲು ಬರುವ ಹುಡುಗರು ಜೇಬಿನಿಂದ ಪವರ್ ಮೀಟರ್ ತೆಗೆದು, ಹಳದಿ ಪ್ಯಾಚ್ ಕಾರ್ಡನ್ನು ಅದಕ್ಕೆ ಸಿಕ್ಕಿಸಿ ನೋಡುವುದು ಇದನ್ನೇ. ಜಿಪಾನ್ ಎಂಬ ಫೈಬರ್ ಪದ್ಧತಿಯ ಸಾಮಾನ್ಯ ಉಪಕರಣ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವಿನ ಬೆಳಕನ್ನು ಓದಬಲ್ಲದು. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಈಚೆಗೆ ಕೇಳಿದ ಮಾತುಕತೆ ಇದು:

"ಅಂಕಲ್, ಪವರ್ ಮೈನಸ್ 19 ಬರ್ತಿದೆ. ಲೈನ್ ಕ್ಲಿಯರ್ ಇದೆ."

"ಹಂಗಾದ್ರೆ ನೆಟ್ ಯಾಕಪ್ಪಾ ಬರ್ತಿಲ್ಲ? ನಿನ್ನೆ ರಾತ್ರಿವರೆಗೂ ಸರಿಯಾಗಿತ್ತು."

"ರಾತ್ರಿ ರೂಟರ್ ಅಪ್‌ಡೇಟ್ ಆಗಿದೆ ನೋಡಿ. ಐಡಿ, ಪಾಸ್‌ವರ್ಡ್ ಎರಡೂ ಹೋಗಿದೆ. ನಿಮ್ಮ ಹತ್ರ ಬರ್ಕೊಂಡಿದ್ದೀರಾ?"

"ನೀವೇ ಹಾಕ್ಕೊಟ್ಟಿದ್ದು, ನಾನೆಲ್ಲಿ ಬರ್ಕೊಳ್ಳಲಿ!"

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥ ಹೊತ್ತಿಗೇ ಹುಟ್ಟಿದ್ದಿರಬೇಕು. ನಮ್ಮಲ್ಲಿ ಬಹಳಷ್ಟು ಸಂಪರ್ಕಗಳು ಇಂದಿಗೂ ಪಿಪಿಪಿಒಇ ಎಂಬ ಪದ್ಧತಿಯಲ್ಲಿ ನಡೆಯುತ್ತವೆ. ರೂಟರ್ ಪ್ರತಿ ಸಲ ಎದ್ದಾಗಲೂ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಹೇಳಿ ಇಂಟರ್‌ನೆಟ್ ಕಂಪನಿಯ ಬಾಗಿಲು ತೆರೆಸಿಕೊಳ್ಳಬೇಕು. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗುವ ಪಾಸ್‌ವರ್ಡೂ ಅಲ್ಲ. ಮೂರನೆಯದೊಂದು. ಮನೆಯವರಿಗೆ ಇದು ಗೊತ್ತಿರುವುದೇ ಅಪರೂಪ, ಏಕೆಂದರೆ ಸಂಪರ್ಕ ಕೊಡುವ ದಿನ ಬಂದವನು ಮೊಬೈಲ್‌ನಲ್ಲಿ ನೋಡಿಕೊಂಡು ಟೈಪ್ ಮಾಡಿ ಹೋಗಿರುತ್ತಾನೆ. ಇದರ ಜೊತೆಗೆ ಕೆಲವು ಕಂಪನಿಗಳಿಗೆ ವಿಲ್ಯಾನ್ ಸಂಖ್ಯೆಯೊಂದು ಬೇಕು. ಕೆಲವು ಸಣ್ಣ ಕೇಬಲ್ ಸಂಸ್ಥೆಗಳು ಮೊದಲು ಸಿಕ್ಕಿಸಿದ ಸಾಧನದ ಮ್ಯಾಕ್ ವಿಳಾಸವನ್ನೇ ಗುರುತಿಟ್ಟುಕೊಂಡು ಬೇರೆಯದನ್ನು ಒಳಗೆ ಬಿಡುವುದಿಲ್ಲ. ಹಳೆಯ ರೂಟರ್ ಬದಲಿಸಿದಾಗ ಅದರ ಮ್ಯಾಕ್ ವಿಳಾಸವನ್ನು ಹೊಸದಕ್ಕೆ ನಕಲು ಮಾಡಿಕೊಟ್ಟಿರುತ್ತಾರೆ. ಅಪ್‌ಡೇಟಿನಲ್ಲಿ ಆ ನಕಲು ಅಳಿಸಿಹೋದರೆ ದೀಪವೆಲ್ಲ ಹಸಿರು, ವೈಫೈಯೂ ಇದೆ, ಇಂಟರ್‌ನೆಟ್ ಮಾತ್ರ ಇಲ್ಲ.

ದೀಪ ಸರಿಯಿದ್ದರೆ ಎರಡನೆಯ ಪರೀಕ್ಷೆ ತಂತಿಯದು. ಲ್ಯಾಪ್‌ಟಾಪ್ ಇದ್ದವರು ಒಂದು ಲ್ಯಾನ್ ಕೇಬಲ್ ತೆಗೆದುಕೊಂಡು ರೂಟರ್‌ನ ಹಿಂಬದಿಗೆ ನೇರ ಸಿಕ್ಕಿಸಿ. ತಂತಿಯಲ್ಲಿ ಇಂಟರ್‌ನೆಟ್ ಬಂದು ವೈಫೈಯಲ್ಲಿ ಬಾರದಿದ್ದರೆ ತೊಂದರೆ ಗಾಳಿಯಲ್ಲಿದೆ. ತಂತಿಯಲ್ಲೂ ಬಾರದಿದ್ದರೆ ರೂಟರಿನ ಇಂಟರ್‌ನೆಟ್ ಸೆಟ್ಟಿಂಗಿನಲ್ಲಿ ಅಥವಾ ಅದರಿಂದ ಆಚೆ ಇದೆ. ಮೂರನೆಯದು ಹೆಸರಿನ ಪರೀಕ್ಷೆ. ಕಮಾಂಡ್ ಕಿಟಕಿಯಲ್ಲಿ 'ಪಿಂಗ್' ಆಜ್ಞೆಗೆ 8.8.8.8 ಎಂಬ ವಿಳಾಸ ಕೊಟ್ಟಾಗ ಉತ್ತರ ಬಂದು, ಯಾವ ತಾಣದ ಹೆಸರು ಹಾಕಿದರೂ ತೆರೆಯದಿದ್ದರೆ ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. ರೂಟರ್ ಪುಟದಲ್ಲಿ ಡಿಎನ್‌ಎಸ್ ಖಾನೆಗೆ ಹೋಗಿ 8.8.8.8 ಅಥವಾ 1.1.1.1 ತುಂಬಿದರೆ ಆಯಿತು. ಇಷ್ಟು ಮಾಡಲು ಹತ್ತು ನಿಮಿಷ ಸಾಕು. ಕಸ್ಟಮರ್ ಕೇರ್‌ನ ಸಂಗೀತ ಕೇಳುತ್ತಾ ಕೂರುವುದಕ್ಕಿಂತ ಕಡಿಮೆ ಹೊತ್ತು.

ಆದರೆ ನಿಜವಾದ ಸೂಕ್ಷ್ಮಗಳಿರುವುದು ವೈಫೈಯಲ್ಲಿ. ಅಪ್‌ಡೇಟ್ ಆದ ಮಾರನೆಯ ದಿನ ಮನೆಮಂದಿಯ ಮೊಬೈಲ್‌ಗಳೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತವೆ. ಮೂಲೆಯ ಹಳೆಯ ಪ್ರಿಂಟರ್, ಅಜ್ಜಿಯ ಹಳೆಯ ಟ್ಯಾಬ್, ಗೇಟಿನ ಕ್ಯಾಮೆರಾ ಮಾತ್ರ ಸೇರಲು ಒಪ್ಪುವುದಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದರೂ ತಪ್ಪು ಎನ್ನುತ್ತವೆ. ಇದಕ್ಕೆ ಮುಖ್ಯ ಕಾರಣ ಡಬ್ಲ್ಯುಪಿಎ3. 2018ರಲ್ಲಿ ಬಂದ ಈ ಭದ್ರತಾ ಪದ್ಧತಿಯನ್ನು ಹೊಸ ಫರ್ಮ್‌ವೇರ್‌ಗಳು ಕೆಲವೊಮ್ಮೆ ತಾವಾಗಿಯೇ ಚಾಲೂ ಮಾಡಿಬಿಡುತ್ತವೆ. ಅದರ ಜೊತೆಗೆ ಪಿಎಂಎಫ್ ಎಂಬ ಇನ್ನೊಂದು ರಕ್ಷಣೆ 'ಕಡ್ಡಾಯ' ಎಂದಾಗಿಬಿಟ್ಟರೆ ಹಳೆಯ ಸಾಧನಗಳಿಗೆ ಆ ಭಾಷೆಯೇ ತಿಳಿಯದು. ವೈಫೈ ಭದ್ರತೆಯ ಪುಟದಲ್ಲಿ ಡಬ್ಲ್ಯುಪಿಎ2 ಮತ್ತು 3ರ ಮಿಶ್ರಣ ಆರಿಸಿ, ಪಿಎಂಎಫನ್ನು 'ಐಚ್ಛಿಕ' ಎಂದಿಡಿ. ಮಿಶ್ರಣಕ್ಕೂ ಬಗ್ಗದ ಸಾಧನಗಳಿವೆ. ಅವುಗಳಿಗಾಗಿ ಗೆಸ್ಟ್ ನೆಟ್‌ವರ್ಕ್ ಒಂದನ್ನು ಬರೀ ಡಬ್ಲ್ಯುಪಿಎ2ದಲ್ಲಿ ತೆರೆದುಕೊಟ್ಟರೆ ಮನೆಯ ಮುಖ್ಯ ವೈಫೈ ಗಟ್ಟಿಯಾಗಿಯೇ ಉಳಿಯುತ್ತದೆ. ಒಂದು ಪ್ರಿಂಟರಿನ ಮರ್ಜಿಗಾಗಿ ಇಡೀ ಮನೆಯ ಬೀಗವನ್ನು ಸಡಿಲ ಮಾಡುವ ಅಗತ್ಯವಿಲ್ಲ.

ಇನ್ನೊಂದು ತರಲೆ 'ಸ್ಮಾರ್ಟ್ ಕನೆಕ್ಟ್'. ಮೊದಲು ಮನೆಯಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಒಂದು ಹೆಸರು ಇತ್ತು. ಅಪ್‌ಡೇಟ್ ಆದ ಮೇಲೆ ಎರಡೂ ಸೇರಿ ಒಂದಾಗಿವೆ. ಮೊಬೈಲ್‌ಗೆ ಇದು ಒಳ್ಳೆಯದೇ. ಆದರೆ ಸ್ಮಾರ್ಟ್ ಬಲ್ಬು, ಪ್ಲಗ್ಗು, ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಗೊತ್ತು. ಅವನ್ನು ಹೊಸದಾಗಿ ಜೋಡಿಸುವ ಹೊತ್ತಿಗೆ ಮೊಬೈಲು 5ರಲ್ಲಿ ಕೂತಿದ್ದರೆ ಒಂದಕ್ಕೊಂದು ಭೇಟಿಯೇ ಆಗುವುದಿಲ್ಲ. ಈ ಸೌಲಭ್ಯವನ್ನು ಬಂದ್ ಮಾಡಿ, ಎರಡು ಹೆಸರುಗಳನ್ನು ಮತ್ತೆ ಬೇರೆ ಮಾಡಿದರೆ ಮುಗಿಯಿತು.

ಚಾನೆಲ್‌ನ ಕಥೆ ಮಜವಾಗಿದೆ. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ. ಅಮೆರಿಕಕ್ಕೆಂದು ತಯಾರಾದ ಸಾಧನಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ಹುಡುಕುತ್ತವೆ. ಹೊಸ ಫರ್ಮ್‌ವೇರ್ ಚಾನೆಲ್ ಆಯ್ಕೆಯನ್ನು 'ಆಟೋ'ಗೆ ಹಾಕಿ, ರೂಟರ್ ಹೋಗಿ 13ರಲ್ಲಿ ಕೂತರೆ, ಮಗ ಅಲ್ಲಿಂದ ತಂದುಕೊಟ್ಟ ಲ್ಯಾಪ್‌ಟಾಪಿಗೆ ಮನೆಯ ವೈಫೈ ಹೆಸರೇ ಕಾಣದು; ಚಿಕ್ಕಪೇಟೆಯಲ್ಲಿ ಕೊಂಡ ಮೊಬೈಲಿಗೆ ಸ್ಪಷ್ಟವಾಗಿ ಕಾಣುತ್ತದೆ. 1, 6, 11 ಇವುಗಳಲ್ಲಿ ಯಾವುದಾದರೂ ಒಂದನ್ನು ಕೈಯಾರೆ ಆರಿಸುವುದೇ ಲೇಸು, ಒಂದರ ಮೇಲೊಂದು ಏರದ ಚಾನೆಲ್‌ಗಳೂ ಅವೇ. 5 ಗಿಗಾಹರ್ಟ್ಸ್‌ನಲ್ಲಿ ಬೇರೆ ಸಮಸ್ಯೆ. ಅಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ಹವಾಮಾನ ರೇಡಾರ್ ಮುಂತಾದವುಗಳ ಜೊತೆ ಹಂಚಿಕೊಳ್ಳಬೇಕು. ರೂಟರ್ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು, ರೇಡಾರ್ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಪ್ರಸಾರ ಶುರುಮಾಡುತ್ತದೆ. ಆ ಒಂದು ನಿಮಿಷದಲ್ಲಿ 5ರ ಹೆಸರು ಕಾಣದೆ 'ಅಪ್‌ಡೇಟ್ ಆಗಿ ಫೈವ್ ಜಿ ಹೋಯ್ತು' ಎಂದು ಗಾಬರಿಯಾಗಿ ರೂಟರನ್ನು ಮತ್ತೆ ಆಫ್ ಮಾಡುವವರಿದ್ದಾರೆ. ಪಾಪದ ಪೆಟ್ಟಿಗೆ ಮತ್ತೆ ಮೊದಲಿನಿಂದ ಕಿವಿಗೊಟ್ಟು ಕೂರುತ್ತದೆ.

ಅಪ್‌ಡೇಟ್ ಆದ ಮೇಲೆ ಹಿಂದಿನ ಕೋಣೆಗೆ ಸಿಗ್ನಲ್ ಕಡಿಮೆಯಾಗಿದೆ ಎಂಬ ದೂರು ಕಲ್ಪನೆಯಲ್ಲ. ಪ್ರತಿ ದೇಶದಲ್ಲೂ ರೂಟರ್ ಎಷ್ಟು ಬಲವಾಗಿ ಪ್ರಸಾರ ಮಾಡಬಹುದು ಎಂಬುದಕ್ಕೆ ಮಿತಿಯಿದೆ, ಅದನ್ನು ಕಾಯುವುದು ಫರ್ಮ್‌ವೇರ್. 2016ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ, ಮಿತಿ ಮೀರಿ ಪ್ರಸಾರ ಮಾಡಲು ಬಿಡುತ್ತಿದ್ದ ರೂಟರ್‌ಗಳಿಗಾಗಿ ಟಿಪಿ-ಲಿಂಕ್‌ನಿಂದ 2 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. ಹಳೆಯ ಫರ್ಮ್‌ವೇರ್ ಜೋರಾಗಿದ್ದು ಹೊಸದು ಮೆತ್ತಗಾಗಿದ್ದರೆ, ಹೊಸದು ಕಾನೂನು ಪಾಲಿಸುತ್ತಿರಬಹುದು. ಅಥವಾ ದೇಶದ ಸೆಟ್ಟಿಂಗ್ ಬದಲಾಗಿರಬಹುದು. ಅದು 'ಇಂಡಿಯಾ' ಎಂದಿದೆಯೇ ನೋಡಿಕೊಳ್ಳಿ.

ಕಷ್ಟ ಕೊಡುವುದು ಅರ್ಧ ಕೆಲಸ ಮಾಡುವ ಇಂಟರ್‌ನೆಟ್. ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಬ್ಯಾಂಕಿನ ಪುಟ ಅರ್ಧ ತೆರೆದು ನಿಲ್ಲುತ್ತದೆ. ಇಂಥ ಕಡೆ ಎಂಟಿಯು ಎಂಬ ಅಂಕಿಯನ್ನು ನೋಡಬೇಕು. ಮಾಮೂಲಿ ಜಾಲದಲ್ಲಿ ಒಂದು ಪೊಟ್ಟಣ 1500 ಬೈಟ್ ಹೊರಬಲ್ಲದು. ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ತಿನ್ನುವುದರಿಂದ ಉಳಿಯುವುದು 1492. ಅಪ್‌ಡೇಟ್ ಈ ಅಂಕಿಯನ್ನು 1500ಕ್ಕೆ ಒಯ್ದಿಟ್ಟರೆ ಸಣ್ಣ ಪೊಟ್ಟಣಗಳು ಪಾರಾಗುತ್ತವೆ, ದೊಡ್ಡವು ದಾರಿಯಲ್ಲೇ ಕಳೆದುಹೋಗಬಹುದು. 1492 ಎಂದು ಬರೆದು ಸೇವ್ ಮಾಡಿದರೆ ಬ್ಯಾಂಕು ತೆರೆಯುತ್ತದೆ.

ಗಡಿಯಾರದ ಅವಾಂತರವಂತೂ ಪತ್ತೆದಾರಿ ಕಾದಂಬರಿಗೆ ಯೋಗ್ಯ. ಹೆಚ್ಚಿನ ಮನೆ ರೂಟರ್‌ಗಳಲ್ಲಿ ಗಡಿಯಾರ ನಡೆಸಲು ಬ್ಯಾಟರಿಯಿಲ್ಲ. ಎದ್ದ ಮೇಲೆ ಇಂಟರ್‌ನೆಟ್ಟಿನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತವೆ. ಮಕ್ಕಳು ರಾತ್ರಿ ಮೊಬೈಲ್ ಹಿಡಿಯಬಾರದೆಂದು ಅಪ್ಪ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವೈಫೈ ಬಂದ್ ಎಂದು ಸೆಟ್ ಮಾಡಿದ್ದಾರೆನ್ನಿ. ಅಪ್‌ಡೇಟ್ ಆಗಿ ಕಾಲವಲಯ ಗ್ರೀನಿಚ್‌ಗೆ ಮರಳಿದರೆ ನಮ್ಮ ಲೆಕ್ಕಕ್ಕೆ ಐದೂವರೆ ಗಂಟೆ ತಪ್ಪುತ್ತದೆ. ರಾತ್ರಿ 10ಕ್ಕೆ ನಿಲ್ಲಬೇಕಾದದ್ದು ನಸುಕಿನ 3:30ಕ್ಕೆ ನಿಂತು, ಬೆಳಗ್ಗೆ 11:30ಕ್ಕೆ ಮರಳುತ್ತದೆ. ಮಕ್ಕಳಿಗೆ ಹಬ್ಬ, ಮನೆಯಿಂದ ಕೆಲಸ ಮಾಡುವ ಅಮ್ಮನಿಗೆ ಬೆಳಗಿನ ಮೀಟಿಂಗ್ ಇಲ್ಲ. ದಿನಾ ಒಂದೇ ಹೊತ್ತಿಗೆ ಹೋಗಿ ಒಂದೇ ಹೊತ್ತಿಗೆ ಬರುವ ವೈಫೈ ಕಂಡರೆ ಲೈನ್‌ಮನ್‌ನನ್ನು ಕರೆಸುವ ಮೊದಲು ರೂಟರ್‌ನ ಗಂಟೆ ನೋಡಿ.

ಕ್ಯಾಮೆರಾ ಡಿವಿಆರ್ ಇಟ್ಟವರಿಗೆ ಇನ್ನೊಂದು ಮಾತು. ಹಿಂದೆ ರೂಟರ್ 192.168.0.1ರಲ್ಲಿತ್ತು, ಅಪ್‌ಡೇಟ್ ಆದ ಮೇಲೆ 192.168.1.1ಕ್ಕೆ ಹೋಗಿದೆ ಎಂದರೆ, ಹಳೆಯ ವಿಳಾಸವನ್ನೇ ಗಟ್ಟಿಯಾಗಿ ಹಿಡಿದು ಕೂತ ಡಿವಿಆರ್ ಹೊಸ ಬೀದಿಗೆ ಬರುವುದಿಲ್ಲ. ಡಿವಿಆರ್ ಬದಲಿಸಬೇಡಿ, ರೂಟರ್‌ನ ವಿಳಾಸವನ್ನು ಹಿಂದಿನದಕ್ಕೇ ತನ್ನಿ.

ಈಗ ರೀಸೆಟ್ ವಿಷಯ. ಆಫ್-ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ಮೊದಲನೆಯದನ್ನು ಗೇಲಿ ಮಾಡಬೇಕಿಲ್ಲ. 2018ರ ಮೇನಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ 5 ಲಕ್ಷದಷ್ಟು ಸಾಧನಗಳನ್ನು ಹೊಕ್ಕಾಗ, ಸಾಕ್ಷಾತ್ ಎಫ್‌ಬಿಐ ಜನರಿಗೆ ಹೇಳಿದ್ದು ರೂಟರ್ ಆಫ್ ಮಾಡಿ ಆನ್ ಮಾಡಿ ಎಂದೇ. ರೀಸೆಟ್ ಮಾತ್ರ ಕೊನೆಯ ಅಸ್ತ್ರ, ಎಲ್ಲ ಸೆಟ್ಟಿಂಗನ್ನೂ ಒರೆಸಿ ಹಾಕುತ್ತದೆ. ಪಿಪಿಪಿಒಇ ಪಾಸ್‌ವರ್ಡ್ ಕೈಯಲ್ಲಿಲ್ಲದೆ ಅದನ್ನು ಒತ್ತಿದರೆ ಅಲ್ಪಸ್ವಲ್ಪ ಬರುತ್ತಿದ್ದ ಇಂಟರ್‌ನೆಟ್ಟೂ ಹೋಗುತ್ತದೆ. ಹಾಗೆಂದು ರೀಸೆಟ್ ನಿಷಿದ್ಧವೇನಲ್ಲ. ಹಳೆಯ ಸೆಟ್ಟಿಂಗ್ ಕಡತ ಹೊಸ ಫರ್ಮ್‌ವೇರ್‌ಗೆ ಒಗ್ಗದೆ ವಿಚಿತ್ರ ತೊಂದರೆ ಕೊಡುವುದುಂಟು. ಅಂಥಲ್ಲಿ ರೀಸೆಟ್ ಮಾಡಿ, ಬ್ಯಾಕಪ್ ಹಾಕದೆ, ಪ್ರತಿಯೊಂದನ್ನೂ ಕೈಯಿಂದಲೇ ತುಂಬಬೇಕು. ಅದಕ್ಕೆ ಮುಂಚೆ ಇಂಟರ್‌ನೆಟ್ ಪುಟ, ವೈಫೈ ಪುಟ, ಲ್ಯಾನ್ ಪುಟ ಮೂರರ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ನಿಜಕ್ಕೂ ಸತ್ತ ರೂಟರ್ ಇಲ್ಲವೇ? ಇದೆ. ಫ್ಲ್ಯಾಶ್ ಚಿಪ್ಪಿಗೆ ಹೊಸ ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ, ಬೇಸಿಗೆಯ ಲೋಡ್‌ಶೆಡ್ಡಿಂಗ್ ಊರುಗಳಲ್ಲಿ ಯುಪಿಎಸ್ ಇಲ್ಲದೆ ಅಪ್‌ಡೇಟ್ ಒತ್ತಬಾರದು. ಒಂದೇ ಹೆಸರಿನ ಮಾದರಿಯಲ್ಲೂ ವಿ1, ವಿ2, ವಿ3 ಎಂದು ಒಳಗಿನ ಚಿಪ್ಪು ಬೇರೆ ಬೇರೆ ಇರುತ್ತದೆ, ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿರುತ್ತಾರೆ. ಬೇರೆಯದರ ಕಡತ ಹಾಕಿದರೂ ಅದೇ ಗತಿ. ಆದರೂ ಕೂಡಲೇ ಗುಜರಿಗೆ ಹಾಕಬೇಡಿ. ಫರ್ಮ್‌ವೇರ್ ಹೋದರೂ ಅದನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಸಣ್ಣ ತುಣುಕು ಸಾಮಾನ್ಯವಾಗಿ ಉಳಿದಿರುತ್ತದೆ. ಟಿಪಿ-ಲಿಂಕ್‌ನ ಹಲವು ಹಳೆಯ ಮಾದರಿಗಳು ರೀಸೆಟ್ ಒತ್ತಿ ಹಿಡಿದು ಆನ್ ಮಾಡಿದರೆ, ತಂತಿಯಲ್ಲಿ 192.168.0.66 ಎಂಬ ವಿಳಾಸದ ಕಂಪ್ಯೂಟರ್ ಇದೆಯೇ ಎಂದು ಹುಡುಕಿ, ಅಲ್ಲಿಂದ ಟಿಎಫ್‌ಟಿಪಿ ಎಂಬ ಕಡತ ಸಾಗಿಸುವ ಪದ್ಧತಿಯ ಮೂಲಕ ಫರ್ಮ್‌ವೇರ್ ತಾವೇ ಎಳೆದುಕೊಳ್ಳುತ್ತವೆ. ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರಿಗೆ ಇದು ಒಂದು ಸಂಜೆಯ ಕೆಲಸ.

ಬಳಕೆದಾರರಿಗೆ ಇಷ್ಟು ಹೇಳಿದ ಮೇಲೆ ಕಂಪನಿಗಳಿಗೂ ಎರಡು ಮಾತು ಹೇಳಬೇಕು. ಫರ್ಮ್‌ವೇರ್ ಜೊತೆ ಬರುವ ಟಿಪ್ಪಣಿಯಲ್ಲಿ 'ಕೆಲವು ದೋಷ ಸರಿಪಡಿಸಲಾಗಿದೆ, ಸ್ಥಿರತೆ ಹೆಚ್ಚಿಸಲಾಗಿದೆ' ಎಂದು ಬರೆದು ಕೈತೊಳೆದುಕೊಳ್ಳುವುದು ಉಡಾಫೆ. ಭದ್ರತಾ ಪದ್ಧತಿ ಬದಲಾಗಿದ್ದರೆ, ಎರಡು ಹೆಸರು ಒಂದಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಇಂಟರ್‌ನೆಟ್ ಕಂಪನಿಗಳು ಕೊಟ್ಟ ಪೆಟ್ಟಿಗೆಗಳ ಸ್ಥಿತಿ ಇನ್ನೂ ಶೋಚನೀಯ. ಅವಕ್ಕೆ ಅಪ್‌ಡೇಟ್ ದೂರದಿಂದ, ನಡುರಾತ್ರಿ, ಕೇಳದೆ ಕೇಳಿಸದೆ ಬಂದಿಳಿಯುತ್ತದೆ. ಹಿಂದಿನ ಆವೃತ್ತಿಗೆ ಮರಳುವ ಗುಂಡಿ ಮನೆಯವರ ಕೈಗೆ ಸಿಗುವುದಿಲ್ಲ. ದುಡ್ಡು ನಮ್ಮದು, ಪೆಟ್ಟಿಗೆಯ ಯಜಮಾನಿಕೆ ಅವರದು. ಕೊನೇಪಕ್ಷ ಬೆಳಗ್ಗೆ 'ರಾತ್ರಿ ನಿಮ್ಮ ರೂಟರ್ ಅಪ್‌ಡೇಟ್ ಆಗಿದೆ' ಎಂದೊಂದು ಎಸ್ಸೆಮ್ಮೆಸ್ ಹಾಕಲು ಅವರಿಗೇನು ಖರ್ಚು?

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂಬುದನ್ನೂ ತಯಾರಕರು ಮೊದಲೇ ಹೇಳಬೇಕು. ನೀವು ಮುಂದಿನ ರೂಟರ್ ಕೊಳ್ಳುವಾಗ ಆಂಟೆನಾ ಎಣಿಸುವುದನ್ನು ಬಿಟ್ಟು, ಆ ಮಾದರಿಗೆ ಕೊನೆಯ ಫರ್ಮ್‌ವೇರ್ ಯಾವ ತಿಂಗಳು ಬಂದಿದೆ ಎಂದು ಕಂಪನಿಯ ತಾಣದಲ್ಲಿ ನೋಡಿ. ಎರಡು ವರ್ಷ ಹಿಂದಿನ ತಾರೀಖು ಕಂಡರೆ ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.